ಮಂಚ ಕಡಿಮೆ ಇದ್ದಾಗ ಹಂಚೋದು ಹೇಗೆ?

(ಹಾಸನದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳು, ಪೋಷಕರು ಮತ್ತು ವಾರ್ಡನ್‌ಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನಾನು ಹಾಸ್ಟೆಲ್ ಸೇರಿದ್ದು 1986ರಲ್ಲಿ. ಕಡೂರು ಕಡೆಯ ಹಳ್ಳಿಯಿಂದ ಅಪ್ಪನ ಜೊತೆ ಬಸ್ಸಿನಲ್ಲಿ ಹಾಸನಕ್ಕೆ ಬಂದೆ. ಒಂದು ತಗಡಿನ ಟ್ರಂಕು, ಹಗ್ಗ ಕಟ್ಟಿ ಸುತ್ತಿದ ಹಾಸಿಗೆ, ಅವ್ವ ಕೊಟ್ಟ ಹುರಿಟ್ಟಿನ ಡಬ್ಬ. ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ 14 ಅಂತ ಬರೆದಿತ್ತು. 14ನೇ ರೂಮಿನ ಬಾಗಿಲು ತಳ್ಳಿದರೆ ನಾಲ್ಕು ಮಂಚ, ಎಂಟು ಜನ. ನಾನು ಒಂಬತ್ತನೆಯವನು. ಒಬ್ಬ ಸೀನಿಯರ್, "ಇಲ್ಲಿ ಜಾಗ ಇಲ್ಲ, ಆಫೀಸಲ್ಲಿ ಕೇಳು" ಅಂದರು. ಆಫೀಸಿನಲ್ಲಿ, "14 ಅಂತ ಬರೆದಿದೆಯಲ್ಲಪ್ಪ, ಹೋಗು" ಅಂದರು. ಅಪ್ಪನಿಗೆ ಸಂಜೆ ಬಸ್ಸು ತಪ್ಪಿದರೆ ಊರು ಸೇರುವ ದಾರಿ ಇರಲಿಲ್ಲ. "ಹೊಂದಿಕೊಂಡು ಹೋಗು ಮಗ" ಅಂತ ಹೇಳಿ ಹೊರಟುಬಿಟ್ಟರು. ಆ ರಾತ್ರಿ ವರಾಂಡದಲ್ಲಿ ಟ್ರಂಕಿಗೆ ತಲೆ ಕೊಟ್ಟು ಮಲಗಿದೆ.

ನೆಲದ ಮೇಲೆ ಮಲಗಿದ್ದು ನನಗೆ ಕಷ್ಟ ಅನ್ನಿಸಲಿಲ್ಲ. ಮನೆಯಲ್ಲೂ ನೆಲದ ಮೇಲೇ ಮಲಗುತ್ತಿದ್ದೆ. ಬೆಳಗ್ಗೆ ಎದ್ದು ಹಲ್ಲುಜ್ಜುವಾಗ ಪಕ್ಕದ 15ನೇ ರೂಮು ಕಣ್ಣಿಗೆ ಬಿತ್ತು. ಅಲ್ಲೂ ನಾಲ್ಕು ಮಂಚ, ಆದರೆ ಮೂರೇ ಜನ. ಒಂದು ಮಂಚದ ಮೇಲೆ ಸೂಟ್‌ಕೇಸ್ ಇಟ್ಟಿದ್ದರು. ಇದು ಯಾಕೆ ಹೀಗೆ ಅಂತ ಕೇಳಿದೆ. ಯಾರೂ ಉತ್ತರ ಹೇಳಲಿಲ್ಲ. ಈಗಲೂ ನನ್ನ ಮನಸ್ಸಿನಲ್ಲಿ ಉಳಿದಿರೋದು ಆ ಸೂಟ್‌ಕೇಸು.

ಮುಂದೆ ನಾನು ಗಣಿತದ ಮೇಷ್ಟ್ರಾದೆ. ಹನ್ನೊಂದು ವರ್ಷ ಒಂದು ಹುಡುಗರ ಹಾಸ್ಟೆಲ್‌ನ ವಾರ್ಡನ್ ಕೆಲಸವನ್ನೂ ನೋಡಿಕೊಂಡೆ. ಆ ಎರಡು ಕೆಲಸ ಸೇರಿ ನನಗೆ ಕಲಿಸಿದ್ದನ್ನು ಇವತ್ತು ನಿಮಗೆ ಹೇಳಬೇಕು. ಜಾಗ ಸಾಲದಿರೋದು ಒಂದು ತೊಂದರೆ. ಇರುವ ಜಾಗವನ್ನು ಹಂಚುವ ರೀತಿ ಇನ್ನೊಂದು ತೊಂದರೆ. ಮೊದಲನೆಯದಕ್ಕೆ ಸರ್ಕಾರ, ದುಡ್ಡು, ಕಟ್ಟಡ ಎಲ್ಲ ಬೇಕು. ಎರಡನೆಯದಕ್ಕೆ ಒಂದು ಬ್ಲಾಕ್ ಬೋರ್ಡು, ಒಂದಿಷ್ಟು ಚೀಟಿ, ಒಂದು ಸಂಜೆ ಸಾಕು. ಆದರೆ ನಾವು "ಜಾಗವೇ ಇಲ್ಲ, ಏನು ಮಾಡೋದು" ಅಂತ ಹೇಳಿ ಎರಡನ್ನೂ ಒಟ್ಟಿಗೆ ಬಿಟ್ಟುಬಿಡುತ್ತೇವೆ.

ಮೊದಲು ಜಾಗದ ಮಾತು. ನಮ್ಮ ಹಿರಿಯರ ಕಾಲದಲ್ಲಿ ಹಳ್ಳಿಯ ಹುಡುಗ ಪೇಟೆಗೆ ಓದೋಕೆ ಬಂದರೆ ವಾರಾನ್ನ ಅಂತ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದು ಎಲ್ಲ ಜಾತಿಯ ಮಕ್ಕಳಿಗೂ ಸಿಗುತ್ತಿರಲಿಲ್ಲ. ಆಮೇಲೆ ಮಠಗಳು, ಒಂದೊಂದು ಸಮುದಾಯದ ಸಂಘಗಳು ಹಾಸ್ಟೆಲ್ ಕಟ್ಟಿದವು. 1977ರಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ, ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರಿಗೆ ಅಂತಲೇ ಒಂದು ಇಲಾಖೆ ಶುರುವಾಯಿತು. ನೀವು ದಿನಾ ಬಾಯಲ್ಲಿ ಹೇಳುವ ಬಿಸಿಎಂ ಹಾಸ್ಟೆಲ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳೂ ಇವೆ. ಇವು ಇಲ್ಲದಿದ್ದರೆ ಈ ಸಭೆಯಲ್ಲಿ ಕೂತಿರುವವರಲ್ಲಿ ಅರ್ಧದಷ್ಟು ಜನ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಬೇಕಿತ್ತು. ನಾನೂ ಅವರಲ್ಲೊಬ್ಬ. ಹಾಗಾಗಿ ಹಾಸ್ಟೆಲ್ ಮೇಲೆ ನನಗಿರೋ ಋಣ ದೊಡ್ಡದು. ಆ ಋಣ ಇರೋದರಿಂದಲೇ ಈ ಮಾತು ಆಡುತ್ತಿದ್ದೇನೆ.

ಈಗ ಹಾಸನವನ್ನೇ ನೋಡಿ. 1960ರಲ್ಲಿ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು ಬಂತು. 2006ರಲ್ಲಿ ವೈದ್ಯಕೀಯ ಕಾಲೇಜು ಬಂತು. ಕಾರೇಕೆರೆಯಲ್ಲಿ ಕೃಷಿ ಕಾಲೇಜು, ಹೇಮಗಂಗೋತ್ರಿಯಲ್ಲಿ ಸ್ನಾತಕೋತ್ತರ ಓದು, ಸರ್ಕಾರಿ ಡಿಗ್ರಿ ಕಾಲೇಜುಗಳು, ನರ್ಸಿಂಗ್, ಐಟಿಐ. ಅತ್ತ ಚಿಕ್ಕಮಗಳೂರಿನಲ್ಲೂ ಇದೇ ಕಥೆ. ಕಾಲೇಜಿನ ಸೀಟು ಒಂದು ಆದೇಶದಲ್ಲಿ ಜಾಸ್ತಿಯಾಗುತ್ತೆ. ಮಂಚ ಹಾಗೆ ಜಾಸ್ತಿಯಾಗೋದಿಲ್ಲ. ಸ್ವಂತ ಕಟ್ಟಡ ಇಲ್ಲದ ಹಾಸ್ಟೆಲ್‌ಗಳು ಬಾಡಿಗೆ ಮನೆಯಲ್ಲಿ ನಡೆಯುತ್ತವೆ. ಆ ಮನೆ ಒಂದು ಸಂಸಾರಕ್ಕೆ ಅಂತ ಕಟ್ಟಿದ್ದು. ಮೂರು ಬೆಡ್‌ರೂಮು, ಎರಡು ಬಚ್ಚಲು. ಅದರಲ್ಲಿ ಐವತ್ತು ಮಕ್ಕಳು. ಲೋಕೋಪಯೋಗಿ ಇಲಾಖೆ ನಿಗದಿ ಮಾಡುವ ಬಾಡಿಗೆಗಿಂತ ಪಿಜಿ ಮಾಡಿದರೆ ಜಾಸ್ತಿ ಬರುತ್ತೆ ಅಂತ ಮಾಲೀಕರಿಗೆ ಗೊತ್ತು. ಹಾಗಾಗಿ ಒಳ್ಳೆಯ ಮನೆ ಹಾಸ್ಟೆಲ್‌ಗೆ ಸಿಗೋದೂ ಕಷ್ಟ.

ಹಾಸ್ಟೆಲ್ ಸಿಗದವರಿಗೆ ಊಟಕ್ಕೆ, ರೂಮಿಗೆ ಅಂತ ಸರ್ಕಾರ ದುಡ್ಡು ಕೊಡುವ ವಿದ್ಯಾಸಿರಿ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇದೆ. ಅದು ಶುರುವಾದಾಗ ತಿಂಗಳಿಗೆ 1,500 ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ತಿಂಗಳು ಕೊಡುತ್ತಿದ್ದರು. ಒಳ್ಳೆಯ ಯೋಜನೆ, ಅನುಮಾನವೇ ಇಲ್ಲ. ಆದರೆ ಆ ದುಡ್ಡಿನಲ್ಲಿ ಈ ಊರಿನಲ್ಲಿ ರೂಮೂ ಊಟವೂ ಎರಡೂ ಆಗೋದಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಬಸ್ಸು ಫ್ರೀ ಆಯಿತು. ಇದರಿಂದ ಎಷ್ಟೋ ಹುಡುಗಿಯರ ಓದು ಉಳಿಯಿತು. ಬೇಲೂರು, ಅರಕಲಗೂಡು, ಹೊಳೆನರಸೀಪುರದಿಂದ ದಿನಾ ಬಂದು ಹೋಗುತ್ತಾರೆ.

ಆದರೆ ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಮಕ್ಕಳ ವಿಷಯ ಬೇರೆ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಅಮ್ಮ ಇಬ್ಬರೂ ಕಾಫಿ ತೋಟದಲ್ಲಿ ಕೂಲಿ. ಹಾಸ್ಟೆಲ್ ಲಿಸ್ಟಿನಲ್ಲಿ ಅವಳ ಹೆಸರು ಬರಲಿಲ್ಲ. ಬಸ್ಸು ಇಳಿದ ಮೇಲೆ ತೋಟದೊಳಗೆ ಮೂರು ಕಿಲೋಮೀಟರ್ ನಡೆಯಬೇಕು. ಮಧ್ಯಾಹ್ನ ಮೂರು ಗಂಟೆಯ ಲ್ಯಾಬ್ ಇದ್ದ ದಿನ ಅವಳು ಬರುತ್ತಲೇ ಇರಲಿಲ್ಲ. ನಾನು ಕರೆದು ಗದರಿದೆ. ಅವಳು ಮಾತಾಡದೆ ಮೊಬೈಲ್ ತೆಗೆದು ಒಂದು ಮೆಸೇಜ್ ತೋರಿಸಿದಳು. ಅವರ ಊರಿನ ಪಕ್ಕದ ತೋಟದಲ್ಲಿ ಕಾಡಾನೆಗಳ ಗುಂಪು ಇದೆ, ಯಾರೂ ಓಡಾಡಬೇಡಿ ಅಂತ ಬಂದಿತ್ತು. ಲ್ಯಾಬ್ ಮುಗಿಸಿ ಹೊರಟರೆ ಕತ್ತಲಲ್ಲಿ ಆ ದಾರಿ ನಡೆಯಬೇಕು. ಗದರಿದ್ದಕ್ಕೆ ನಾನು ಅವಳ ಹತ್ತಿರ ಕ್ಷಮೆ ಕೇಳಿದೆ. ಆಮೇಲೆ ನಮ್ಮ ಹುಡುಗರ ಹಾಸ್ಟೆಲ್‌ನ ಅರ್ಜಿ ತೆಗೆದು ನೋಡಿದೆ. ಅಂಕ ಕೇಳಿದ್ದೆವು, ಆದಾಯ ಕೇಳಿದ್ದೆವು, ಜಾತಿ ಕೇಳಿದ್ದೆವು. ನಿಮ್ಮೂರಿಗೆ ಕೊನೆ ಬಸ್ಸು ಎಷ್ಟು ಹೊತ್ತಿಗೆ, ಬಸ್ಸು ಇಳಿದ ಮೇಲೆ ಎಷ್ಟು ದೂರ ನಡೀಬೇಕು ಅಂತ ಎಲ್ಲೂ ಕೇಳಿರಲಿಲ್ಲ.

ಇನ್ನು ಒಳಗಿನ ಲೆಕ್ಕ. ನಮ್ಮ ಹಾಸ್ಟೆಲ್‌ಗೆ ಮಂಜೂರಾಗಿದ್ದು 60 ಜನ. ಒಂದು ವರ್ಷ ಇದ್ದಿದ್ದು 94 ಜನ. ಕೆಲವರು ಲಿಸ್ಟಿನಲ್ಲಿದ್ದವರು, ಕೆಲವರನ್ನು ಮೇಲಿನ ಮಾತಿಗೆ ಸೇರಿಸಿಕೊಂಡಿದ್ದು, ಇನ್ನು ಕೆಲವರು ಗೆಸ್ಟುಗಳು. ಗೆಸ್ಟ್ ಅಂದರೆ ಯಾರು ಅಂತ ನಿಮಗೆ ಗೊತ್ತು. ಸೀಟು ಸಿಗದ ತಮ್ಮನೋ, ಊರಿನ ಗೆಳೆಯನೋ, ಒಂದು ವಾರ ಇರ್ತೀನಿ ಅಂತ ಬಂದು ವರ್ಷ ಕಳೆಯುವವನು. ಅವನನ್ನು ಹೊರಗೆ ಹಾಕೋಕೆ ಯಾವ ವಾರ್ಡನ್‌ಗೂ ಮನಸ್ಸು ಬರೋದಿಲ್ಲ.

ಹಾಸ್ಟೆಲ್‌ನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಅಂತ ಭಾರತೀಯ ಮಾನಕ ಹೇಳುತ್ತೆ. 94 ಜನಕ್ಕೆ 12,690 ಲೀಟರ್. ನಮ್ಮ ಟ್ಯಾಂಕು 5,000 ಲೀಟರಿನದು. ದಿನಕ್ಕೆ ಎರಡು ಸಲ ತುಂಬಿದರೆ ಒಬ್ಬರಿಗೆ ನೂರು ಲೀಟರ್ ಚಿಲ್ಲರೆ. ಏಪ್ರಿಲ್ ತಿಂಗಳಲ್ಲಿ ಬೋರ್‌ವೆಲ್ ಇಳಿದು ಒಂದೇ ಸಲ ತುಂಬಿದರೆ 53 ಲೀಟರ್. ಅಂದರೆ ಮೂರು ಬಕೆಟ್. ಸ್ನಾನ, ಬಟ್ಟೆ, ಕಕ್ಕಸು ಎಲ್ಲ ಅದರಲ್ಲೇ. ಎಂಟು ಹುಡುಗರಿಗೆ ಒಂದು, ಹೆಣ್ಣುಮಕ್ಕಳಾದರೆ ಆರು ಜನಕ್ಕೆ ಒಂದು ಕಕ್ಕಸು ಇರಬೇಕು ಅಂತಲೂ ಅದೇ ಮಾನಕದಲ್ಲಿದೆ. ನಮ್ಮಲ್ಲಿ 12 ಬೇಕಿತ್ತು, ಇದ್ದಿದ್ದು ಆರು. ಒಂದಕ್ಕೆ ಹದಿನೈದು ಹದಿನಾರು ಜನ. ಒಬ್ಬರಿಗೆ ಏಳು ನಿಮಿಷ ಅಂತಿಟ್ಟುಕೊಳ್ಳಿ. ಐದೂವರೆಗೆ ಕ್ಯೂ ಶುರುವಾದರೆ ಕೊನೆಯವನ ಸರದಿ ಏಳು ಗಂಟೆ ದಾಟಿದ ಮೇಲೆ. ಪರೀಕ್ಷೆಯ ದಿನ ಆ ಕ್ಯೂನಲ್ಲಿ ನಿಂತ ಹುಡುಗರ ಮುಖ ನೋಡಿದವರಿಗೆ ಈ ಲೆಕ್ಕ ಬರೀ ಲೆಕ್ಕ ಅನ್ನಿಸೋದಿಲ್ಲ.

ಇಲ್ಲಿ ಕಜ್ಜಿಯ ಮಾತು ಹೇಳಲೇಬೇಕು. ನಾಚಿಕೆ ಪಡಬೇಡಿ, ತುಂಬಿದ ಹಾಸ್ಟೆಲ್‌ಗೆ ಇದು ಬರುತ್ತೆ. ಕಜ್ಜಿಯ ಹುಳ ಚರ್ಮದಿಂದ ಚರ್ಮಕ್ಕೆ ದಾಟುತ್ತೆ. ಒಂದೇ ಚಾಪೆಯಲ್ಲಿ ಇಬ್ಬರು ಮಲಗಿದರೆ ಸಾಕು. ಮೊದಲ ಸಲ ಬಂದವರಿಗೆ ತುರಿಕೆ ಶುರುವಾಗೋಕೆ ಎರಡರಿಂದ ಆರು ವಾರ ಹಿಡಿಯುತ್ತೆ. ಅಷ್ಟರಲ್ಲಿ ಅವನಿಂದ ಇಡೀ ರೂಮಿಗೆ ಹರಡಿರುತ್ತೆ. ಹಾಗಾಗಿ ತುರಿಕೆ ಇರುವವನೊಬ್ಬ ಮುಲಾಮು ಹಚ್ಚಿಕೊಂಡರೆ ಹೋಗೋದಿಲ್ಲ. ರೂಮಿನ ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು, ಹೊದಿಕೆ ಬಟ್ಟೆ ಎಲ್ಲ ಬಿಸಿನೀರಿನಲ್ಲಿ ಒಗೆಯಬೇಕು. ಮೂರು ಬಕೆಟ್ ನೀರಿನಲ್ಲಿ ಹೊದಿಕೆ ಒಗೆಯೋದು ಹೇಗೆ? ಆಗಸ್ಟ್ ತಿಂಗಳ ಮಳೆಯಲ್ಲಿ ಅದನ್ನು ಒಣಗಿಸೋದು ಎಲ್ಲಿ? ಒಂದು ವರ್ಷ ನಾನು ಮತ್ತು ಅಡುಗೆಯವರು ಸೇರಿ ಅನ್ನದ ಹಂಡೆಯಲ್ಲಿ ನೀರು ಕಾಯಿಸಿ, ಒಂದೊಂದೇ ರೂಮಿನ ಹೊದಿಕೆ ಒಗೆಸಿ, ಅಡುಗೆ ಮನೆಯ ಒಲೆಯ ಪಕ್ಕ ಹಗ್ಗ ಕಟ್ಟಿ ಒಣಗಿಸಿದೆವು. ನಾಲ್ಕು ದಿನ ಹಿಡಿಯಿತು. ಅದಾದ ಮೇಲೆ ಕಜ್ಜಿ ನಿಂತಿತು.

ಸರಿ, ಈಗ ಹಂಚಿಕೆಗೆ ಬರೋಣ. ಇದು ನನ್ನ ಮುಖ್ಯ ಮಾತು.

ಸಾಮಾನ್ಯವಾಗಿ ರೂಮು ಹೇಗೆ ಹಂಚುತ್ತಾರೆ? ಹಳಬರು ಅವರವರ ರೂಮು ಬಿಡೋದಿಲ್ಲ. ಯಾರೋ ದೊಡ್ಡವರ ಲೆಟರ್ ತಂದವನಿಗೆ ಮೂಲೆಯ ಗಾಳಿ ಬೆಳಕಿನ ರೂಮು. ಒಂದೂರಿನವರು, ಒಂದೇ ಜಾತಿಯವರು ತಾವಾಗೇ ಒಟ್ಟುಗೂಡುತ್ತಾರೆ. ಯಾರ ಪರಿಚಯವೂ ಇಲ್ಲದ ಹೊಸ ಹುಡುಗ ಉಳಿದ ಕಡೆ, ಬಚ್ಚಲ ಪಕ್ಕದ ರೂಮಿಗೆ. ಲಿಸ್ಟು ಬರೋದೂ ತಡ. ಕ್ಲಾಸು ಶುರುವಾಗಿ, ದೀಪಾವಳಿ ಹತ್ತಿರ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುವ ಹೊತ್ತಿಗೆ ಹಾಸ್ಟೆಲ್ ಲಿಸ್ಟು ಬಂದ ವರ್ಷವನ್ನೂ ನಾನು ನೋಡಿದ್ದೇನೆ. ಅಷ್ಟರಲ್ಲಿ ಸೆಮಿಸ್ಟರ್‌ನ ಮುಕ್ಕಾಲು ಭಾಗ ಮುಗಿದಿರುತ್ತೆ.

ಹಾಗಾದರೆ ಹುಡುಗರನ್ನೇ ಕೇಳಿ ಅವರಿಗೆ ಬೇಕಾದವರ ಜೊತೆ ಹಾಕಿಬಿಡಿ ಅಂತೀರಾ? ಮೊದಲು ನಾನೂ ಹಾಗೇ ಮಾಡಿದೆ. ಮೂರು ವಾರ ದಿನಾ ರೂಮು ಬದಲಾವಣೆಯ ಅರ್ಜಿ ಬಂದವು. ಯಾಕೆ ಅಂತ ಅರ್ಥವಾಗಿದ್ದು ಗಣಿತದಿಂದ. ಡೇವಿಡ್ ಗೇಲ್, ಲಾಯ್ಡ್ ಶಾಪ್ಲೀ ಅನ್ನುವ ಇಬ್ಬರು ಅಮೆರಿಕದ ಗಣಿತಜ್ಞರು 1962ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಅದರಲ್ಲಿ ರೂಮ್‌ಮೇಟುಗಳ ಉದಾಹರಣೆ ಬರುತ್ತೆ. ಅದನ್ನು ನಮ್ಮ ಜಿಲ್ಲೆಯ ಹುಡುಗರ ಮೇಲೆ ಹಾಕಿ ಹೇಳುತ್ತೇನೆ, ಸ್ವಲ್ಪ ಗಮನ ಕೊಟ್ಟು ಕೇಳಿ.

ಇಬ್ಬಿಬ್ಬರ ಎರಡು ರೂಮು. ನಾಲ್ಕು ಹುಡುಗರು. ಬೇಲೂರಿನವನಿಗೆ ಮೊದಲು ಆಲೂರಿನವನು ಬೇಕು, ಅವನಿಲ್ಲದಿದ್ದರೆ ಅರಸೀಕೆರೆಯವನು. ಆಲೂರಿನವನಿಗೆ ಮೊದಲು ಅರಸೀಕೆರೆಯವನು, ಆಮೇಲೆ ಬೇಲೂರಿನವನು. ಅರಸೀಕೆರೆಯವನಿಗೆ ಮೊದಲು ಬೇಲೂರಿನವನು, ಆಮೇಲೆ ಆಲೂರಿನವನು. ನಾಲ್ಕನೆಯವನು ಸಕಲೇಶಪುರದವನು. ರಾತ್ರಿ ಎರಡರ ತನಕ ಲೈಟ್ ಹಾಕಿಕೊಂಡು ಓದುತ್ತಾನೆ. ಅವನ ಜೊತೆ ಇರೋಕೆ ಮೂವರಿಗೂ ಇಷ್ಟ ಇಲ್ಲ.

ಬೇಲೂರಿನವನನ್ನು ಸಕಲೇಶಪುರದವನ ಜೊತೆ ಹಾಕಿದೆ ಅಂತಿಟ್ಟುಕೊಳ್ಳಿ. ಉಳಿದ ಇಬ್ಬರು ಒಂದು ರೂಮು. ಬೇಲೂರಿನವನು ಹೋಗಿ ಅರಸೀಕೆರೆಯವನನ್ನು ಕರೆಯುತ್ತಾನೆ. ಅರಸೀಕೆರೆಯವನಿಗೆ ಮೊದಲಿಂದ ಬೇಕಾಗಿದ್ದು ಬೇಲೂರಿನವನೇ, ತಕ್ಷಣ ಹೊರಡುತ್ತಾನೆ. ಈಗ ಆಲೂರಿನವನು ಸಕಲೇಶಪುರದವನ ಪಾಲಿಗೆ ಬಿದ್ದ. ಅವನು ಬೇಲೂರಿನವನನ್ನು ಕರೆದರೆ ಬೇಲೂರಿನವನು ಓಡಿ ಬರುತ್ತಾನೆ, ಅವನಿಗೆ ಮೊದಲ ಇಷ್ಟ ಆಲೂರಿನವನಲ್ವಾ? ಈಗ ಅರಸೀಕೆರೆಯವನು ಒಂಟಿ. ಅವನು ಆಲೂರಿನವನನ್ನು ಕರೆಯುತ್ತಾನೆ. ಆಲೂರಿನವನಿಗೂ ಅದೇ ಬೇಕಿತ್ತು. ಬೇಲೂರಿನವನು ಮತ್ತೆ ಸಕಲೇಶಪುರದವನ ರೂಮಿನಲ್ಲಿ. ಹೊರಟ ಜಾಗಕ್ಕೇ ಬಂದೆವು. ಇದು ವರ್ಷವಿಡೀ ಸುತ್ತುತ್ತೆ, ನಿಲ್ಲೋದೇ ಇಲ್ಲ.

ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಅಂತ ಎರಡು ಗುಂಪಿದ್ದರೆ, ಹೀಗೆ ಕಿತ್ತುಹೋಗದ ಜೋಡಿ ಯಾವಾಗಲೂ ಮಾಡಬಹುದು ಅಂತ ಅದೇ ಲೇಖನದಲ್ಲಿ ಸಾಧಿಸಿದ್ದಾರೆ. ಒಂದೇ ಗುಂಪಿನೊಳಗೆ ಜೋಡಿ ಮಾಡುವಾಗ ಕೆಲವು ಸಲ ಅದು ಸಾಧ್ಯವೇ ಇಲ್ಲ. ಇದು ಗೊತ್ತಾದ ದಿನ ನನಗೆ ತುಂಬಾ ಸಮಾಧಾನವಾಯಿತು. ಹುಡುಗರು ಜಗಳಗಂಟರಾಗಿರಲಿಲ್ಲ, ಲೆಕ್ಕವೇ ಹಾಗಿತ್ತು. ಶಾಪ್ಲೀ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಹೊತ್ತಿಗೆ ಗೇಲ್ ತೀರಿಕೊಂಡಿದ್ದರು.

ಇನ್ನು ಹಳಬರ ತೊಂದರೆ. ಸೀನಿಯರ್‌ಗಳು ರೂಮು ಬಿಡೋದಿಲ್ಲ ಅಂತ ನಾವು ಬೈಯುತ್ತೇವೆ. ಅವರ ಜಾಗದಲ್ಲಿ ನಿಂತು ನೋಡಿ. ಈಗಿರೋದು ಸುಮಾರಾದ ರೂಮು. ಇನ್ನೂ ಒಳ್ಳೆಯದು ಸಿಗಬಹುದು ಅಂತ ಚೀಟಿಗೆ ಹೋದರೆ, ಇರೋದೂ ಕೈತಪ್ಪಿ ಕೆಟ್ಟದ್ದು ಬರಬಹುದು. ಅದಕ್ಕೇ ಸುಮ್ನೆ ಕೂತುಬಿಡುತ್ತಾರೆ. ಇದೇ ತೊಂದರೆ ಅಮೆರಿಕದ ಕಾಲೇಜು ಹಾಸ್ಟೆಲ್‌ಗಳಲ್ಲೂ ಇತ್ತು. ಅಬ್ದುಲ್‌ಕಾದಿರೋಗ್ಲು, ಸೋನ್ಮೆಜ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 1999ರಲ್ಲಿ ಇದಕ್ಕೆ ಒಂದು ದಾರಿ ತೋರಿಸಿದರು. ಚೀಟಿಯ ನಂಬರಿನ ಪ್ರಕಾರ ಒಬ್ಬೊಬ್ಬರೇ ಬಂದು ರೂಮು ಆರಿಸಿಕೊಳ್ಳುತ್ತಾರೆ. ಹಳಬನೊಬ್ಬ ಈಗಾಗಲೇ ಇರುವ ಜಾಗವನ್ನು ಬೇರೆ ಯಾರಾದರೂ ಕೇಳಿದರೆ, ಆ ಹಳಬನಿಗೆ ತಕ್ಷಣ ಕೇಳಿದವನಿಗಿಂತ ಮುಂದಿನ ಸರದಿ. ಅವನು ತನ್ನದನ್ನೇ ಇಟ್ಟುಕೊಳ್ಳಬಹುದು, ಇಲ್ಲ ಬೇರೆಯದನ್ನು ಆರಿಸಬಹುದು. ಮೂವರು ಒಬ್ಬರದನ್ನೊಬ್ಬರು ಕೇಳಿ ಸುತ್ತು ಬಿದ್ದರೆ, ಆ ಸುತ್ತಿನಲ್ಲೇ ಅದಲು ಬದಲು ಮಾಡಿದರಾಯಿತು. ಹೀಗೆ ಮಾಡಿದರೆ ಯಾವ ಹಳಬನಿಗೂ ಈಗಿರುವುದಕ್ಕಿಂತ ಕೆಟ್ಟದ್ದು ಬರೋದಿಲ್ಲ. ಯಾವ ರೂಮು ಇಷ್ಟ ಅನ್ನೋದರಲ್ಲಿ ಸುಳ್ಳು ಹೇಳಿ ಯಾರೂ ಏನೂ ಗಳಿಸೋ ಹಾಗಿಲ್ಲ.

ನಾವು ಇದನ್ನು ಊಟದ ಹಾಲಿನಲ್ಲಿ ಮಾಡಿದೆವು. ಭಾನುವಾರ ಸಂಜೆ. ಬ್ಲಾಕ್ ಬೋರ್ಡಿನ ಮೇಲೆ ಹಾಸ್ಟೆಲ್‌ನ ನಕ್ಷೆ ಬರೆದು, ಪ್ರತಿ ರೂಮಿಗೂ ಎಷ್ಟು ಜನ ಅಂತ ಮನೆ ಹಾಕಿದೆ. ಇದ್ದ 94 ಜನರನ್ನೂ ಲೆಕ್ಕಕ್ಕೆ ಹಿಡಿದು ಮನೆ ಹಾಕಿದ್ದೆ, ಗೆಸ್ಟುಗಳನ್ನೂ ಸೇರಿಸಿ. ಚೀಟಿಗೆ ಮೊದಲೇ ಕೆಲವರಿಗೆ ಜಾಗ ಕೊಟ್ಟೆವು. ಕಾಲಿಗೆ ಪೋಲಿಯೋ ಆಗಿದ್ದವನಿಗೆ ಕೆಳಗಿನ ರೂಮು, ದಮ್ಮಿನ ಕಾಯಿಲೆ ಇದ್ದವನಿಗೆ ಗೋಡೆ ಒದ್ದೆಯಾಗದ ರೂಮು. ಯಾಕೆ ಅಂತ ಎಲ್ಲರ ಮುಂದೆ ಹೇಳಬೇಕಾ ಅಂತ ಅವರಿಬ್ಬರನ್ನೇ ಮೊದಲು ಕೇಳಿದ್ದೆ, ಹೇಳಿ ಸರ್ ಅಂದರು. ಆಮೇಲೆ ಅಡುಗೆಯವರು ಅನ್ನದ ದಬರಿ ತೊಳೆದು ಒರೆಸಿ ತಂದಿಟ್ಟರು. ಅದರಲ್ಲಿ ಚೀಟಿ.

ಒಬ್ಬ ಹೊಸ ಹುಡುಗನಿಗೆ 91 ಬಂತು. ಅರಕಲಗೂಡಿನ ಕಡೆಯವನು. ಮೂರು ತಾಸು ಅಲ್ಲೇ ಕೂತು, ಬೋರ್ಡಿನ ಮೇಲೆ ಒಂದೊಂದೇ ಮನೆ ತುಂಬೋದನ್ನು ನೋಡಿದ. ಅವನ ಸರದಿ ಬಂದಾಗ ಉಳಿದಿದ್ದು ಬಚ್ಚಲ ಪಕ್ಕದ ರೂಮು. ಚಾಕ್‌ಪೀಸ್ ಹಿಡಿದು ಸ್ವಲ್ಪ ಹೊತ್ತು ನಿಂತ, ಹೆಸರು ಬರೆದ, ಹೋದ. ನನಗೆ ಹೊಟ್ಟೆಯಲ್ಲಿ ಸಂಕಟ. ಮಾರನೇ ದಿನ ಆಫೀಸಿಗೆ ಬಂದ. ರೂಮು ಬದಲಾಯಿಸಿ ಅಂತ ಕೇಳೋಕೆ ಬಂದಿದ್ದಾನೆ ಅಂದುಕೊಂಡೆ. ಅವನು ಕೇಳಿದ್ದು, "ಸರ್, ಈ ಸಲ ಕೊನೆಗೆ ಬಂದ ಹತ್ತು ನಂಬರಿನವರನ್ನು ಮುಂದಿನ ವರ್ಷ ಮೊದಲು ಕರೀತೀರಾ?" ನನಗೆ ಹೊಳೆಯದೇ ಇದ್ದಿದ್ದು ಅವನಿಗೆ ಹೊಳೆದಿತ್ತು. ಅವತ್ತೇ ನಿಯಮದಲ್ಲಿ ಸೇರಿಸಿದೆವು. ಆ ವರ್ಷ ರೂಮು ಬದಲಾವಣೆಗೆ ಬಂದ ಅರ್ಜಿ ನಾಲ್ಕೇ ನಾಲ್ಕು.

ಚೀಟಿಯಿಂದ ಇನ್ನೊಂದಾಯಿತು. ಜಾತಿವಾರು ರೂಮು ಅನ್ನೋದು ಒಡೆಯಿತು. ಮೊದಮೊದಲು ಕೆಲವು ಪೋಷಕರು ಫೋನ್ ಮಾಡಿದರು. ನಮ್ಮ ಹುಡುಗನನ್ನು ನಮ್ಮವರ ಜೊತೆ ಹಾಕಿ ಅಂದರು. ಆಗಲ್ಲ ಅಂದೆ. ಈ ವಿಷಯದಲ್ಲಿ ನನಗೆ ಎರಡನೇ ಯೋಚನೆ ಇರಲಿಲ್ಲ, ಈಗಲೂ ಇಲ್ಲ. ಅಮೆರಿಕದ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಬಿಳಿಯ ವಿದ್ಯಾರ್ಥಿಗಳಲ್ಲಿ ಯಾರಿಗೆ ಕಪ್ಪು ರೂಮ್‌ಮೇಟ್ ಚೀಟಿಯ ಹಾಗೆ ತಾನಾಗಿ ಸಿಕ್ಕಿದ್ದರೋ, ಅವರ ಮನಸ್ಸು ಮುಂದೆ ಜಾಸ್ತಿ ತೆರೆದುಕೊಂಡಿತ್ತು ಅಂತ 2006ರಲ್ಲಿ ಒಂದು ಅಧ್ಯಯನ ಬಂತು. ನಾನು ನೋಡಿದ್ದು ಅದಕ್ಕಿಂತ ಸಣ್ಣದು. ಜೂನ್‌ನಲ್ಲಿ ಬೇರೆ ಬೇರೆ ಚೊಂಬು ಇಟ್ಟುಕೊಂಡಿದ್ದ ರೂಮಿನಲ್ಲಿ ಜನವರಿಯ ಹೊತ್ತಿಗೆ ಒಂದೇ ಬಿಂದಿಗೆ ಇತ್ತು.

ಚೀಟಿ ಎತ್ತಿದರೆ ಮಂಚ ಹುಟ್ಟೋದಿಲ್ಲ. 94 ಜನ 94 ಜನವೇ. ಅದಕ್ಕಾಗಿ ಕೇಳುತ್ತಲೇ ಇರಬೇಕು. ಕೇಳುವಾಗ "ತುಂಬಾ ಕಷ್ಟ ಸಾರ್" ಅಂತ ಬರೆಯಬೇಡಿ. ಎಷ್ಟು ಜನ, ಎಷ್ಟು ಕಕ್ಕಸು, ಎಷ್ಟು ಲೀಟರ್ ನೀರು, ಬೇಕಾಗಿದ್ದೆಷ್ಟು ಅಂತ ಬರೆಯಿರಿ. ನಾವು ಹಾಗೆ ಬರೆದ ವರ್ಷ ಎರಡನೇ ಟ್ಯಾಂಕು ಬಂತು.

ಇಲ್ಲಿರುವ ವಾರ್ಡನ್‌ಗಳಿಗೆ ಒಂದು ಮಾತು. ಕ್ಲಾಸು ಶುರುವಾಗುವ ಮೊದಲ ವಾರದಲ್ಲೇ, ಲಿಸ್ಟು ಪೂರ್ತಿ ಬರದಿದ್ದರೂ, ಬಂದಷ್ಟು ಜನಕ್ಕೆ ಚೀಟಿ ಎತ್ತಿಸಿ. ಬೋರ್ಡನ್ನು ವರ್ಷವಿಡೀ ಅಳಿಸಬೇಡಿ. ಅರ್ಜಿಯಲ್ಲಿ ಕೊನೆ ಬಸ್ಸಿನ ಪ್ರಶ್ನೆ ಸೇರಿಸಿ. ನಮ್ಮ ಹಾಸ್ಟೆಲ್‌ನ ನಿಯಮ ಒಂದೇ ಪುಟದ್ದು, ಆ 91ನೇ ನಂಬರಿನ ಹುಡುಗ ಹೇಳಿದ್ದೂ ಅದರಲ್ಲಿದೆ. ಅರವತ್ತು ಜೆರಾಕ್ಸ್ ತಂದಿದ್ದೇನೆ, ಬಾಗಿಲ ಹತ್ತಿರದ ಟೇಬಲ್ ಮೇಲಿದೆ. ಹೋಗುವಾಗ ತೆಗೆದುಕೊಳ್ಳಿ.